ಒದ್ದೆ ಗೋಣಿಚೀಲದ ಜಾಗದಲ್ಲಿ ಒಂದು ರಾತ್ರಿ

ಹತ್ತೊಂಬತ್ತು ಸಾವಿರದ ನೂರು ರೂಪಾಯಿ.

ಒಂದು ರಾತ್ರಿ ಗಾಡಿ ನಿಲ್ಲಿಸಿದ್ದಕ್ಕೆ ನಾನು ಕೊಟ್ಟ ದುಡ್ಡು ಇದು. ಗಾಡಿಯ ಬಾಡಿಗೆ ಬೇರೆ, ಡೀಸೆಲ್ ಬೇರೆ. ಇದು ಬರೀ ಪಾರ್ಕಿಂಗ್. ಇದರಲ್ಲಿ ನೂರು ರೂಪಾಯಿ ಮಾತಾಡಿ ಒಪ್ಪಿದ್ದು. ಉಳಿದ ಹತ್ತೊಂಬತ್ತು ಸಾವಿರ, ಮುನ್ನೂರು ಕೇಳಿದವರನ್ನು ನೂರಕ್ಕೆ ಇಳಿಸಿದ್ದಕ್ಕೆ.

ಸರಿಯಾಗಿಯೇ ಓದಿದಿರಿ. ಇಳಿಸಿದ್ದಕ್ಕೆ.

ಈ ಅಂಕಣ ಓದುವವರಿಗೆ ನನ್ನ ಬುದ್ಧಿ ಗೊತ್ತು. ಅರಸೀಕೆರೆ ಸಂತೆಯಲ್ಲಿ ಬ್ಲೌಸ್ ಪೀಸಿನ ಗಂಟು ಹೊತ್ತು ಶುರು ಮಾಡಿದವಳು, ಇವತ್ತು ಮೂರು ಶಟರಿನ ಸೀರೆ ಅಂಗಡಿ ಇಟ್ಟಿದ್ದೇನೆ. ಸೂರತ್ತಿನ ಏಜೆಂಟರು ನನ್ನ ಅಂಗಡಿಗೆ ಬರುವ ಮುಂಚೆ ಕಾಫಿ ಕುಡಿದು ಗಟ್ಟಿಯಾಗಿ ಬರುತ್ತಾರಂತೆ. ತೆಂಗಿನಕಾಯಿಯಿಂದ ಹಿಡಿದು ಕಲ್ಯಾಣಮಂಟಪದವರೆಗೆ ಹೇಗೆ ಚೌಕಾಸಿ ಮಾಡಬೇಕು ಅಂತ ಇದೇ ಜಾಗದಲ್ಲಿ ನಿಮಗೆಲ್ಲ ಪಾಠ ಹೇಳಿದವಳು ನಾನೇ. ಇವತ್ತು ಒಂದು ಪಾಠ ವಾಪಸ್ ತಗೊಳ್ಳಬೇಕಾಗಿದೆ.

ಶುರುವಾದದ್ದು ನಮ್ಮ ಯಜಮಾನರಿಂದ. ಭೂಗೋಳದ ಮೇಷ್ಟ್ರಾಗಿ ರಿಟೈರ್ ಆದವರು. ಮೂವತ್ತು ವರ್ಷ ಮಕ್ಕಳಿಗೆ ಭೂಪಟ ತೋರಿಸಿದ ಮನುಷ್ಯ ಈಗ ಮೊಬೈಲಿನಲ್ಲಿ ಬೇರೆಯವರು ಊರೂರು ತಿರುಗುವ ವಿಡಿಯೋ ನೋಡಿಕೊಂಡು ಕೂರುತ್ತಾರೆ. ಒಂದು ದಿನ, "ನೋಡೇ, ಮೋಟರ್‌ಹೋಮ್ ಅಂತೆ. ಮಂಚ, ಅಡಿಗೆಮನೆ, ಕಕ್ಕಸು ಎಲ್ಲಾ ಗಾಡಿಯೊಳಗೇ" ಅಂದರು.

"ಅದೆಲ್ಲ ನಮ್ಮ ಮನೆಯೊಳಗೂ ಇದೆಯಲ್ರೀ" ಅಂದೆ.

"ಮನೆ ಓಡಲ್ವಲ್ಲ."

ಇದಕ್ಕೇನು ಹೇಳುತ್ತೀರಿ? ಸೀಸನ್ ಅಲ್ಲದ ವಾರ, ಮಂಗಳವಾರ ಬುಧವಾರ ನೋಡಿ, ಬಾಡಿಗೆಯಲ್ಲಿ ಮೂರನೇ ಒಂದು ಭಾಗ ಕಡಿಸಿ ಗಾಡಿ ತರಿಸಿದೆ. ಎಲ್ಲಿಗೆ? ಹಳೇಬೀಡು, ಬೇಲೂರು. ಅರಸೀಕೆರೆಯಿಂದ ಬೆಳಿಗ್ಗೆ ತಿಂಡಿ ತಿಂದು ಹೊರಟರೆ ಎರಡೂ ದೇವಸ್ಥಾನ ಮುಗಿಸಿ ಸಂಜೆ ದೀಪ ಹಚ್ಚುವುದಕ್ಕೆ ಮನೆಗೆ ಬರಬಹುದಾದ ದೂರ. ಅಷ್ಟಕ್ಕೆ ಒಂದು ಮನೆಯನ್ನೇ ಬಾಡಿಗೆಗೆ ಹಿಡಿದು ಎಳೆದುಕೊಂಡು ಹೋದ ಜಾಣರು ನಾವು.

ಬೇಲೂರಿನಲ್ಲಿ ಗಾಡಿ ನಿಲ್ಲಿಸಿ ಹತ್ತು ನಿಮಿಷ ಆಗಿರಲಿಲ್ಲ, ಬಾಗಿಲ ಮುಂದೆ ಕ್ಯೂ. ಅರೇಹಳ್ಳಿ ಕಡೆಯಿಂದ ಬಸ್ಸಿನಲ್ಲಿ ಬಂದಿಳಿದ ಒಬ್ಬ ಅಜ್ಜಿ ಮೆಟ್ಟಿಲು ಹತ್ತಿಯೇ ಬಿಟ್ಟರು. "ಕಣ್ಣಿನ ಕ್ಯಾಂಪಾ ಮಗಾ? ಚೀಟಿ ಎಲ್ ಮಾಡುಸ್ಬೇಕು?" ಅಂತ ಕೇಳಿದರು. ಯಜಮಾನರು ಮೋಟರ್‌ಹೋಮ್ ಅಂದರೇನು ಅಂತ ವಿವರಿಸಿದರು. ಅಜ್ಜಿ ಪೂರ್ತಿ ಕೇಳಿಸಿಕೊಂಡು, "ಅಯ್ಯೋ ಪಾಪ, ಮನೆ ಇಲ್ವಾ ನಿಮ್ಗೆ?" ಅಂದರು.

ಆಮೇಲೆ ನಿಲ್ಲಿಸುವ ಜಾಗದ ಗೋಳು. ಕೇಳಿದಲ್ಲೆಲ್ಲ ರೂಮಿನ ರೇಟು ಹೇಳಿದರು. ಮಂಚವನ್ನು ನಾನೇ ಹೊತ್ತು ತಂದಿರುವಾಗ ರೂಮಿನ ರೇಟು ಯಾಕೆ ಕೊಡಲಿ? ಯಜಮಾನರು ಭೂಪಟ ತೆಗೆದರು. ಹಳೇಬೀಡಿನಿಂದ ಒಳರಸ್ತೆಯಲ್ಲಿ ಒಂದು ಊರು ಇದೆ, ಹಳೆಯ ಕಲ್ಲುಗಣಿಗಳ ಊರು, ಅಲ್ಲಿ ಬಯಲು ಜಾಸ್ತಿ ಅಂದರು. (ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಬರುವ ಭಾನುವಾರ ನೀವೂ ಹೋಗಿ ಅವರ ಜೀವ ತಿನ್ನುತ್ತೀರಿ.)

ಬಳಪದ ಕಲ್ಲಿನ ಊರು ಅದು. ಹಳೇಬೀಡಿನ ಗೋಡೆಯ ಮೇಲೆ ಆನೆ, ಹಂಸ, ಸೂಜಿಮೊನೆಯಂಥ ಸರಗಳನ್ನು ನೋಡಿ ಬಾಯಿ ಬಿಡುತ್ತೀರಲ್ಲ, ಆ ಜಾತಿಯ ಕಲ್ಲು. ದೇವಸ್ಥಾನದ ಕಲ್ಲು ಇಲ್ಲಿಂದಲೇ ಹೋದದ್ದು ಅಂತ ಊರಿನವರು ಹೇಳುತ್ತಾರೆ. ಆಮೇಲಿನ ಕಾಲದಲ್ಲಿ ಸ್ಲೇಟಿನ ಮೇಲೆ ಬರೆಯುವ ಬಳಪ, ಅದಾದ ಮೇಲೆ ಪುಡಿ ಮಾಡಿ ಮುಖದ ಪೌಡರಿಗೆ. ಈಗ ಎಲ್ಲಾ ನಿಂತಿದೆ. ಗಣಿಯ ಗುಂಡಿಗಳಲ್ಲಿ ಹಸಿರು ನೀರು, ದಂಡೆಯ ಮೇಲೆ ಬೂದು ಬಣ್ಣದ ಚೂರುಗಳ ರಾಶಿ. ಊರಿನ ಕೊನೆಯಲ್ಲಿ ಒಂದು ಹೆಂಚಿನ ಶೆಡ್ಡು, ಪಕ್ಕದಲ್ಲಿ ಮನೆ, ಮುಂದೆ ವಿಶಾಲ ಬಯಲು. ಮನೆಯ ಒಡತಿ ಗೌರಮ್ಮ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೊರಟಿದ್ದರು.

"ಒಂದು ರಾತ್ರಿ ಗಾಡಿ ನಿಲ್ಲಿಸ್ಕೋಬಹುದಾಮ್ಮ?" ಅಂದೆ.

"ಅದ್ಕೇನಂತೆ, ನಿಲ್ಸಿ. ಮುನ್ನೂರು ಕೊಡಿ. ಬಾವಿ ನೀರು ಬಿಡ್ತೀನಿ, ಜಾಗ ತೋರುಸ್ತೀನಿ."

"ಮುನ್ನೂರಾ! ನೀರು ನಮ್ಮ ಟ್ಯಾಂಕಿನಲ್ಲಿದೆ. ಜಾಗ ತೋರಿಸೋದಕ್ಕೆ ಏನಿದೆ, ನಮಗೆ ಕಣ್ಣಿಲ್ವಾ? ನೂರು ಕೊಡ್ತೀನಿ."

"ಕತ್ಲಾಯ್ತಾ ಬಂತು ಕಣವ್ವ. ಇಲ್ಲಿ ನೆಲ ಒಂದ್ ತಾವ ಇದ್ದಂಗೆ ಇನ್ನೊಂದ್ ತಾವ ಇರಕಿಲ್ಲ. ನಾನು ಡೈರಿಗೆ ಹೋಗ್ ಬಂದು ತೋರುಸ್ತೀನಿ, ಅರ್ಧ ಗಂಟೆ ತಡೀರಿ."

ಅರ್ಧ ಗಂಟೆ ಕಾಯಿಸಿ ಕತ್ತಲು ಮಾಡಿ ರೇಟು ಗಟ್ಟಿ ಮಾಡುವ ಉಪಾಯ ಅಂದುಕೊಂಡೆ. ಮೂವತ್ತು ವರ್ಷದ ವ್ಯಾಪಾರ, ನನಗೆ ಗೊತ್ತಾಗುವುದಿಲ್ಲವೇ? "ತೋರಿಸೋದೇ ಬೇಡ ಬಿಡಿ, ನೂರು ಮಾಡಿ" ಅಂದೆ.

ಗೌರಮ್ಮ ಕ್ಯಾನು ಎತ್ತಿ ಸೊಂಟಕ್ಕಿಟ್ಟುಕೊಂಡರು. "ಆಯ್ತು. ಕಣ್ಣಿದ್ದೋರು ನೋಡ್ಕಂಡು ನಿಲ್ಸ್ಕಳಿ. ಆ ಹುಣ್ಸೆ ಮರದ ಕೆಳ್ಗಾದ್ರೆ ಒಳ್ಳೇದು" ಅಂದು ಹೊರಟೇಹೋದರು.

ಗೆದ್ದೆ ಅಂತ ಯಜಮಾನರ ಕಡೆ ನೋಡಿದೆ. ಅವರು ಹುಣಸೆ ಮರದ ಕೆಳಗೆ ಗಾಡಿ ತಂದು ನಿಲ್ಲಿಸಿ, ಮೊಬೈಲನ್ನು ಮಂಚದ ಮೇಲಿಟ್ಟು ನೋಡಿದರು. ಅದರಲ್ಲಿ ರಸಮಟ್ಟದ ಥರ ಒಂದು ಗುಳ್ಳೆ ತೋರಿಸುವ ಆಪ್ ಇದೆ. ಗುಳ್ಳೆ ಮೂಲೆಗೆ ಓಡಿತು. "ಇಳಿಜಾರು ಕಣೇ. ಗಾಡಿ ಸಮ ಇಲ್ದಿದ್ರೆ ಫ್ರಿಡ್ಜ್ ಓಡಲ್ಲ, ತಲೆ ಕೆಳಗಾಗಿ ಮಲಗಬೇಕಾಗತ್ತೆ" ಅಂದರು.

ನಾನು ಇಳಿದು ಹುಡುಕಿದೆ. ಶೆಡ್ಡಿನ ಹಿಂಭಾಗದಲ್ಲಿ ಕೈಯಲ್ಲಿ ತಟ್ಟಿ ಮಾಡಿದ ಹಾಗೆ ಸಮನಾದ ಜಾಗ. ಮೇಲೆ ಎರಡು ಗೋಣಿಚೀಲ, ಹಾರದಿರಲಿ ಅಂತ ಮೂಲೆಗೊಂದು ಕಲ್ಲು. ಚೀಲಗಳು ಒದ್ದೆಯಾಗಿದ್ದವು. ಮಳೆಯೇ ಇಲ್ಲ, ಹೇಗೆ ಒದ್ದೆಯಾದವು ಅಂತ ಒಂದು ಕ್ಷಣ ಅನ್ನಿಸಿತು. ಒಂದೇ ಕ್ಷಣ. ಎರಡನ್ನೂ ಎಳೆದು ಪಕ್ಕಕ್ಕೆ ಬಿಸಾಡಿ, "ಬನ್ನಿ ಬನ್ನಿ, ರಿವರ್ಸ್, ರಿವರ್ಸ್, ಇನ್ನೂ ಬನ್ನಿ" ಅಂದೆ. ಹಿಂದಿನ ಚಕ್ರ ಸ್ವಲ್ಪ ಕುಸಿದು, ಗಟ್ಟಿಯಾದ ಏನೋ ಒಂದರ ಮೇಲೆ ಕೂತಿತು. ಯಜಮಾನರು ಗುಳ್ಳೆ ನೋಡಿದರು. ನಟ್ಟನಡುವೆ ನಿಂತಿತ್ತು. "ಫಸ್ಟ್ ಕ್ಲಾಸ್" ಅಂದರು.

ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿಗೆ ಒಬ್ಬ ಹುಡುಗಿ. ಇಪ್ಪತ್ತೆಂಟರ ಆಸುಪಾಸು, ಚೂಡಿದಾರದ ಮೇಲೆ ಗಂಡಸರ ಶರ್ಟು, ಕೈಯಲ್ಲಿ ನೀರು ತುಂಬಿದ ಬಕೆಟ್ಟು. ಗೌರಮ್ಮನ ಮಗಳು ಭಾಗ್ಯ. ಹಿಂದಿನ ದಿನ ಬಸ್ತಿಹಳ್ಳಿಗೆ ಹೋಗಿ ಕೊನೆಯ ಬಸ್ಸಿಗೆ ಬಂದಿದ್ದಳಂತೆ. ಗಾಡಿ ಹುಣಸೆ ಮರದ ಕೆಳಗೇ ಇದೆ ಅಂದುಕೊಂಡು, ಕತ್ತಲಲ್ಲಿ ತಾಯಿ ಮಗಳು ಇಬ್ಬರೂ ಶೆಡ್ಡಿನ ಹಿಂದೆ ಬಂದಿರಲಿಲ್ಲ. ಅವಳು ನನ್ನ ಮುಖ ನೋಡಲಿಲ್ಲ, ಚಕ್ರವನ್ನು ನೋಡುತ್ತಿದ್ದಳು.

"ಗಾಡಿ ತೆಗೀರಿ."

"ಒಂಬತ್ತು ಗಂಟೆಗೆ ಹೊರಡ್ತೀವಮ್ಮ. ನಿಮ್ಮ ತಾಯಿ ಹತ್ರ ಮಾತಾಡಿ ನೂರು ರೂಪಾಯಿ ಒಪ್ಪಿದ್ದೀವಿ" ಅಂದೆ, ನಾನೇ ಸ್ವಲ್ಪ ಜೋರಾಗಿ.

"ಅಕ್ಕ, ಗಾಡಿ ಕೆಳಗೆ ನನ್ ಕಲ್ಲೈತೆ."

ಬಕೆಟ್ಟು ಕೆಳಗಿಟ್ಟಳು. ಅಷ್ಟು ಮೆಲ್ಲಗೆ ಇಟ್ಟದ್ದು ನೋಡಿ ನನಗೆ ಹೆದರಿಕೆಯಾಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಗಾಡಿ ಮುಂದಕ್ಕೆ ತೆಗೆದೆವು. ತಾಯಿ ಮಗಳು ಮಣ್ಣು ಬಗೆಯತೊಡಗಿದರು. ಬಗೆಯುತ್ತಲೇ ಗೌರಮ್ಮ ಹೇಳಿದ್ದು ಇಷ್ಟು. ಗಂಡ ಶಿಲ್ಪಿ, ಮಗಳಿಗೆ ಕೈ ಹಿಡಿದು ಕಲಿಸಿ ತೀರಿಕೊಂಡರು. ಭಾಗ್ಯ ಇಷ್ಟು ವರ್ಷ ಅಪ್ಪನ ಹೆಸರಿನಲ್ಲಿ ಬಂದ ಚಿಲ್ಲರೆ ಕೆಲಸ ಮಾಡುತ್ತಿದ್ದಳು. ಉಪ್ಪಿನಕಾಯಿ ಹಾಕುವ ಕಲ್ಲುಮರಿಗೆ, ದೀಪದ ಕಂಬ. ಮೊದಲ ಸಲ ಅವಳಿಗೇ ಅಂತ ಒಂದು ವಿಗ್ರಹ ಬಂದಿತ್ತು. ಬಸ್ತಿಹಳ್ಳಿಯ ಹತ್ತಿರದ ಧರಣೇಂದ್ರಯ್ಯ ಅನ್ನುವ ಜೈನ ಹಿರಿಯರು, ತಮ್ಮ ಮನೆತನದ ಪುಟ್ಟ ಬಸದಿಗೆ ಒಂದೂವರೆ ಅಡಿಯ ಪಾರ್ಶ್ವನಾಥ ಸ್ವಾಮಿ ಬೇಕು ಅಂದಿದ್ದರು. ಹುಡುಗಿ ಕೈಯಲ್ಲಿ ವಿಗ್ರಹವೇ ಅಂತ ಅವರ ಮನೆಯಲ್ಲೇ ಕೆಲವರ ತಕರಾರು. ಮಷೀನಿನಲ್ಲಿ ಕೆತ್ತಿಸಿ ತಂದುಬಿಡೋಣ ಅಂತ ಇನ್ನು ಕೆಲವರು. ಆದರೂ ಹಿರಿಯರು ಅವತ್ತು ಬೆಳಿಗ್ಗೆ ಒಂಬತ್ತಕ್ಕೆ ಬಂದು, ಕಲ್ಲು ನೋಡಿ, ಪೂಜೆ ಮಾಡಿ ಮಾತು ಕೊಡುವುದಿತ್ತು.

ಆ ಕಲ್ಲು ಇದೇ. ಮನೆಯ ಬಚ್ಚಲುಗುಂಡಿ ತೋಡುವಾಗ ಸಿಕ್ಕಿದ್ದು. ಗಣಿ ನಿಂತ ಮೇಲೆ ಅಂಥದ್ದು ಇನ್ನೊಂದು ಸಿಕ್ಕಿರಲಿಲ್ಲ. ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿ ತಾಗುತ್ತಾ ಗಟ್ಟಿಯಾಗುತ್ತದೆ. ಅದಕ್ಕೇ ಉಳಿ ಇಡುವ ದಿನದವರೆಗೂ ಮಣ್ಣಿನಲ್ಲಿ ಹುಗಿದು, ಮೇಲೆ ಗೋಣಿಚೀಲ ಹೊದಿಸಿ, ಬೆಳಿಗ್ಗೆ ಸಂಜೆ ನೀರು ಹಾಕಿ ಸಾಕುತ್ತಾರೆ. ಎರಡು ತಿಂಗಳಿಂದ ಅವಳು ಹಾಕಿದ ನೀರು.

ನಾನು ಚೀಲವನ್ನು ಎಳೆದು ಬಿಸಾಡಿದ್ದೆನಲ್ಲ, ಆ ನೀರು.

ಕಲ್ಲು ಮೇಲೆ ಬಂತು. ನೋಡುವುದಕ್ಕೆ ಏನೂ ಆಗಿರಲಿಲ್ಲ. "ದೇವರು ದೊಡ್ಡವನು" ಅಂದುಬಿಟ್ಟೆ. ಭಾಗ್ಯ ಸಣ್ಣ ಸುತ್ತಿಗೆ ತಗೊಂಡು ಎಡಗಡೆ ತಟ್ಟಿದಳು. ಗಂಟೆಯ ಹಾಗೆ ಸದ್ದು. ಬಲಗಡೆ ತಟ್ಟಿದಳು. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಈ ಕಡೆ ಬಾಯೇ ಬಿಡ್ತಿಲ್ವಲ್ಲೇ" ಅಂದರು ಗೌರಮ್ಮ.

"ತಡಿ ಅವ್ವ. ಒಣಗ್ಲಿ."

ಬಕೆಟ್ಟಿನ ನೀರು ಪೂರಾ ಕಲ್ಲಿನ ಮೇಲೆ ಸುರಿದು ಬಿಸಿಲಿಗೆ ಬಿಟ್ಟಳು. ಬಿರುಕು ಕಣ್ಣಿಗೆ ಕಾಣದಿದ್ದರೂ ನೀರು ಕುಡಿಯುತ್ತದಂತೆ. ಕಲ್ಲೆಲ್ಲ ಒಣಗಿದ ಮೇಲೂ ಬಿರುಕಿರುವ ಕಡೆ ಒದ್ದೆಯ ಗೆರೆ ಉಳಿಯುತ್ತದಂತೆ. ಗೆರೆ ಇದ್ದರೆ ಆ ಕಲ್ಲಿನಲ್ಲಿ ಮರಿಗೆ ಮಾಡಬಹುದು, ವಿಗ್ರಹ ಮಾಡುವ ಹಾಗಿಲ್ಲ. ಭಿನ್ನವಾದ ಕಲ್ಲು ಪೂಜೆಗೆ ಬರುವುದಿಲ್ಲ.

ನಾಲ್ಕು ಜನ ಒಂದು ಕಲ್ಲು ಒಣಗುವುದನ್ನು ನೋಡುತ್ತಾ ನಿಂತೆವು. ಯಜಮಾನರು ಬಿಸಿಲಿನ ಕೋನ, ಆವಿಯಾಗುವ ವೇಗ ಅಂತ ಏನೋ ಶುರು ಮಾಡಿದರು. "ಸುಮ್ನಿರ್ರೀ, ಗುಳ್ಳೆ ನೋಡಿದ್ದು ಸಾಕು" ಅಂದೆ. (ಬೇರೆ ಯಾರನ್ನು ಬೈಯಲಿ? ಬೈಯುವುದಕ್ಕೆ ಅಂತಲೇ ಅಲ್ಲವೇ ಕಟ್ಟಿಕೊಂಡಿರುವುದು.)

ಅಂಚು ಒಣಗಿತು. ನಡು ಒಣಗಿತು. ಬಲಗಡೆ ಕೂದಲೆಳೆಯಷ್ಟು ಕಪ್ಪು ಗೆರೆ, ಒಂದು ಗೇಣುದ್ದ, ಸೊಟ್ಟಗೆ, ಹಾಗೇ ಉಳಿಯಿತು.

ಒಂಬತ್ತಕ್ಕೆ ಹತ್ತು ನಿಮಿಷ. ನಾನೇನು ಮಾಡಿದೆ ಅಂತ ಹೇಳುವುದಕ್ಕೆ ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ, ಮುಂದಿನದು ಅದರ ಮೇಲೇ ನಿಂತಿದೆ. ಭಾಗ್ಯಳನ್ನು ಪಕ್ಕಕ್ಕೆ ಕರೆದು, "ನೋಡಮ್ಮ, ಇನ್ನರ್ಧ ಗಂಟೆಗೆ ಅದೂ ಒಣಗತ್ತೆ. ಇಲ್ಲಾ ಒಂದು ಟವೆಲ್ ಹಾಕಿ ಒರೆಸು. ಅವರು ಮಾತು ಕೊಟ್ಟು ಹೋಗಲಿ, ಆಮೇಲೆ ಬೇರೆ ಕಲ್ಲು ತಂದು ಹಾಕಿದರಾಯ್ತು. ಯಾರಿಗೆ ಗೊತ್ತಾಗತ್ತೆ?" ಅಂದೆ.

ಕೌಂಟರಿನಲ್ಲಿ ಕೂತವರ ಬುದ್ಧಿ. ಸೀರೆಯಲ್ಲಿ ಒಂದು ಎಳೆ ಹೋಗಿದ್ದರೆ ಆ ಮಡಿಕೆ ಒಳಗೆ ಹಾಕಿ ತೋರಿಸುವವರು ನಾವು.

ಅವಳು ಕೋಪ ಕೂಡ ಮಾಡಿಕೊಳ್ಳಲಿಲ್ಲ. "ನಂಗ್ ಗೊತ್ತಾಗ್ತದಲ್ಲ ಅಕ್ಕ" ಅಂದಳು.

ಧರಣೇಂದ್ರಯ್ಯ ಬಂದರು. ಬಿಳಿ ಪಂಚೆ, ಬಿಳಿ ಶರ್ಟು, ಕೈಯಲ್ಲಿ ಹೂವಿನ ಬುಟ್ಟಿ. ಅವರು ಕೂರುವ ಮುಂಚೆಯೇ ಭಾಗ್ಯ ಇನ್ನೊಂದು ಚೊಂಬು ನೀರು ತಂದು, ಅವರ ಕಣ್ಣೆದುರಿಗೆ ಕಲ್ಲಿನ ಬಲಗಡೆಗೆ ಸುರಿದು, ಒಣಗುವವರೆಗೂ ಅವರನ್ನು ನಿಲ್ಲಿಸಿಕೊಂಡಳು. ಗೆರೆಯ ಮೇಲೆ ಬೆರಳಿಟ್ಟು ತೋರಿಸಿದಳು. "ಇದು ಬರಲ್ಲ ಸ್ವಾಮಿ. ನಿನ್ನೆ ಸಾಯಂಕಾಲದವರ್ಗೂ ಚೆನ್ನಾಗಿತ್ತು."

ಅವರು ಬಗ್ಗಿ ನೋಡಿದರು. ಹೂವಿನ ಬುಟ್ಟಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡರು. "ಛೇ, ಪಾಪ. ಇರಲಿ ಬಿಡಮ್ಮ. ನೋಡೋಣ" ಅಂದರು.

ನೋಡೋಣ!

ಆ ಮಾತಿನ ಅರ್ಥ ಆ ಬಯಲಿನಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಐವತ್ತು ಸೀರೆ ಬಿಚ್ಚಿಸಿ, ಮುತ್ತಿನಂಥ ನಗೆ ನಕ್ಕು, "ನೋಡೋಣ" ಅಂದು ಮೆಟ್ಟಿಲಿಳಿದ ಗಿರಾಕಿ ವಾಪಸ್ ಬಂದದ್ದನ್ನು ನಾನಂತೂ ಕಂಡಿಲ್ಲ. ಈ ಹಿರಿಯರು ಈ ಬಯಲು ದಾಟಿದರೆ ಮಷೀನಿನ ವಿಗ್ರಹವೇ ಗತಿ. ಭಾಗ್ಯ ಜನ್ಮಪೂರ್ತಿ ಮರಿಗೆ ಕೊರೆಯುವುದೇ.

ಅಡ್ಡ ನಿಂತೆ. "ಸ್ವಾಮಿ, ಒಂದು ನಿಮಿಷ. ಕಲ್ಲು ಒಡೆದದ್ದು ನಾನು."

ಅವರು ಗಾಡಿಯ ಕಡೆ ನೋಡಿದರು, ನನ್ನ ಕಡೆ ನೋಡಿದರು.

"ಅಷ್ಟೇ ಅಲ್ಲ. ಟವೆಲಿನಲ್ಲಿ ಒರೆಸಿ ನಿಮಗೆ ಗೊತ್ತಾಗದ ಹಾಗೆ ಮಾಡು ಅಂತ ನೀವು ಬರುವ ಮುಂಚೆ ಇವಳಿಗೆ ಹೇಳಿಕೊಟ್ಟವಳೂ ನಾನೇ. ಇವಳು ಕೇಳಲಿಲ್ಲ. ನಿಮ್ಮೆದುರಿಗೆ ನೀರು ಹಾಕಿ ತೋರಿಸಿದಳು. ನಾನು ಅಂಗಡಿಯವಳು, ಮಾಲು ಕೊಡುವವರನ್ನು ಸಾವಿರ ಜನ ನೋಡಿದ್ದೀನಿ. ತನ್ನ ಮಾಲಿನ ಹುಳುಕನ್ನು ತಾನೇ ಬೆರಳಿಟ್ಟು ತೋರಿಸುವವರು ಎಷ್ಟು ಜನ ಸಿಗ್ತಾರೆ? ಮಷೀನು ತೋರಿಸತ್ತಾ?"

ಯಜಮಾನರು ನನ್ನ ಸೆರಗು ಎಳೆದರು. ಅರಸೀಕೆರೆಯಲ್ಲಿ ಇನ್ನು ಯಾರು ನನ್ನನ್ನು ನಂಬುತ್ತಾರೆ ಅಂತ ಅವರ ಯೋಚನೆ. ನನಗೂ ಇತ್ತು, ಆದರೆ ಬಾಯಿ ನಿಲ್ಲಲಿಲ್ಲ. "ಒಂದು ತಿಂಗಳು ಟೈಮ್ ಕೊಡಿ. ಹೊಸ ಕಲ್ಲಿನ ಖರ್ಚು ನಂದು."

"ಒಂದು ತಿಂಗಳಲ್ಲಿ ಕಲ್ಲು ಸಿಗುತ್ತೇನಮ್ಮ?" ಅಂದರು ಅವರು. ನನ್ನನ್ನಲ್ಲ, ಭಾಗ್ಯಳನ್ನು ಕೇಳಿದರು.

"ಸಿಗಲ್ಲ ಸ್ವಾಮಿ. ಮೂರು ತಿಂಗಳಾದ್ರೂ ಬೇಕು."

ಹಲ್ಲು ಕಚ್ಚಿಕೊಂಡೆ. ನಾನು ಚೌಕಾಸಿ ಮಾಡಿ ನಿಲ್ಲಿಸಿದ್ದನ್ನು ಈ ಹುಡುಗಿ ಸತ್ಯ ಹೇಳಿ ಕೆಡವುತ್ತಾಳಲ್ಲ! ಧರಣೇಂದ್ರಯ್ಯ ಬಗ್ಗಿ ಆ ಗೆರೆಯನ್ನು ಇನ್ನೊಮ್ಮೆ ಬೆರಳಿನಿಂದ ಸವರಿದರು. ಆಮೇಲೆ ಹೂವಿನ ಬುಟ್ಟಿಯನ್ನು ಗೌರಮ್ಮನ ಕೈಗೆ ಕೊಟ್ಟರು. "ಇದನ್ನು ವಾಪಸ್ ತಗೊಂಡು ಹೋಗೋದು ಬೇಡ. ಮೂರು ತಿಂಗಳು. ಕಲ್ಲು ಬಂದ ದಿನ ಹೇಳಿಕಳಿಸು, ನೀರು ನಾನೇ ಹಾಕಿ ನೋಡ್ತೀನಿ" ಅಂದರು.

ನೀರು ನಾನೇ ಹಾಕಿ ನೋಡ್ತೀನಿ. "ನೋಡೋಣ" ಅಲ್ಲ ಇದು. ಇದು ಬರುವ ಗಿರಾಕಿಯ ಮಾತು.

ಹೊಸ ಕಲ್ಲು, ದೂರದ ಗಣಿಯಿಂದ ತರುವ ಸಾಗಣೆ, ಎತ್ತಿ ಇಳಿಸುವ ಕೂಲಿ, ಎಲ್ಲಾ ಸೇರಿ ಗೌರಮ್ಮ ಹತ್ತೊಂಬತ್ತು ಸಾವಿರ ಹೇಳಿದರು. ನನ್ನ ನಾಲಗೆ ತಾನೇ ತಾನಾಗಿ "ಹದಿನೈದು ಮಾ..." ಅಂದಿತು. ಗೌರಮ್ಮ ನನ್ನನ್ನೇ ನೋಡುತ್ತಿದ್ದರು.

"ಕಣ್ಣಿದ್ದೋರು, ನೋಡ್ಕಂಡು ಕೊಡಿ" ಅಂದರು.

ನೋಡಿಕೊಂಡು ಪೂರ್ತಿ ಕೊಟ್ಟೆ. ಪಾರ್ಕಿಂಗಿಗೆ ಅವರು ಮೊದಲು ಕೇಳಿದ್ದ ಮುನ್ನೂರನ್ನೇ ಎಣಿಸಿ ಮುಂದೆ ಹಿಡಿದರೆ, ಒಂದು ನೋಟು ಮಾತ್ರ ತಗೊಂಡು ಉಳಿದದ್ದು ವಾಪಸ್ ಕೊಟ್ಟರು. "ನೂರುಕ್ ಒಪ್ಪಿದ್ದು. ಜಾಗ ನಾನೆಲ್ ತೋರುಸ್ದೆ?"

ಆ ಇನ್ನೂರು ರೂಪಾಯಿ ಇನ್ನೂ ನನ್ನ ಪರ್ಸಿನಲ್ಲಿದೆ. ಖರ್ಚು ಮಾಡಲು ಮನಸ್ಸು ಬರುತ್ತಿಲ್ಲ.

ಮೊನ್ನೆ ಭಾಗ್ಯ ಫೋಟೋ ಕಳಿಸಿದ್ದಳು. ಹೊಸ ಕಲ್ಲು ಬಂದಿದೆ, ಧರಣೇಂದ್ರಯ್ಯನವರು ನೀರು ಹಾಕಿ ನೋಡಿ ಒಪ್ಪಿದ್ದಾರೆ. ಫೋಟೋದಲ್ಲಿ ಕಲ್ಲು ಕಾಣುವುದಿಲ್ಲ. ಒದ್ದೆ ಗೋಣಿಚೀಲ, ಅದರ ಸುತ್ತ ಎದೆಯೆತ್ತರದ ಮುಳ್ಳಿನ ಬೇಲಿ. ಕೆಳಗೆ ಬರೆದಿದ್ದಳು: "ನಿಮ್ಮ ನೆನಪಿಗೆ ಹಾಕ್ಸಿದ್ದು ಅಕ್ಕ."

ಇನ್ನು ನಿಮಗೆ ಬುದ್ಧಿಮಾತು. ನನಗೆ ದುಬಾರಿಯಾಗಿದ್ದನ್ನು ನಿಮಗೆ ಪುಕ್ಕಟೆ ಕೊಡುತ್ತಿದ್ದೇನೆ. ಮೋಟರ್‌ಹೋಮ್ ಬೇಕೇ ಬೇಕು ಅಂದರೆ ವಾರದ ನಡುವೆ ತಗೊಳ್ಳಿ, ಬಾಡಿಗೆಯನ್ನು ಧಾರಾಳವಾಗಿ ಕಡಿಸಿ. ಇನ್ಶೂರೆನ್ಸ್ ಕಾಗದ ಪೂರ್ತಿ ಓದಿ. ನಮ್ಮದರಲ್ಲಿ ಗಾಡಿಗೆ ಗೀರು ಬಿದ್ದರೆ ದುಡ್ಡಿತ್ತು, ಚಕ್ರದ ಕೆಳಗೆ ಬಿದ್ದವರಿಗೆ ಏನಿದೆ ಅಂತ ನಾನು ಕೇಳಿಯೇ ಇರಲಿಲ್ಲ. ಬೆಳಕಿರುವಾಗಲೇ ನಿಲ್ಲಿಸಿ. ಗುಳ್ಳೆ ಹೇಳಿದ ಕಡೆ ಬೇಡ, ಊರಿನವರು ಹೇಳಿದ ಕಡೆ ನಿಲ್ಲಿಸಿ. ತಲೆ ಸ್ವಲ್ಪ ಕೆಳಗಾದರೆ ದಿಂಬು ಇದೆಯಲ್ಲ? ನೀರಿಗೆ, ಕರೆಂಟಿಗೆ, ಊಟಕ್ಕೆ ಎಷ್ಟು ಬೇಕಾದರೂ ಚೌಕಾಸಿ ಮಾಡಿ. ಜಾಗ ತೋರಿಸುತ್ತೇನೆ ಅಂದವರ ಕೂಲಿಯನ್ನು ಮಾತ್ರ ಕಡಿಸಬೇಡಿ, ಡೈರಿಯಿಂದ ಬರುವವರೆಗೆ ಕಾಯಿರಿ.

ಮತ್ತೆ, ಮಳೆಯಿಲ್ಲದ ಊರಿನಲ್ಲಿ ಒದ್ದೆ ಗೋಣಿಚೀಲ ಕಂಡರೆ, ಎಳೆದು ಬಿಸಾಡುವ ಮುಂಚೆ ಒಂದು ಸಲ ಕೇಳಿ: ಇದಕ್ಕೆ ದಿನಾ ನೀರು ಹಾಕುತ್ತಿರುವವರು ಯಾರು?